ಗಾಜಿನ ಹಿಂದಿನ ಹುಡುಗಿ

ಜುಲೈ 8

ಪುಟ್ಟಿ,

ನಿನ್ನನ್ನು ಬಸ್ಸು ಹತ್ತಿಸಿ ಬಂದು ಸ್ಟುಡಿಯೋದಲ್ಲಿ ಕೂತು ಲೆಕ್ಕ ಹಾಕಿದೆ. ನಿನ್ನ ಡಿಜಿಟಲ್ ಮೀಡಿಯಾ ಓದಿಗೆ ಈವರೆಗೆ ತಗುಲಿದ ಖರ್ಚು ಹೀಗಿದೆ. ಒಂದು ವರ್ಷದ ಫೀಸು. ಅದು ನನಗೂ ಬ್ಯಾಂಕಿಗೂ ಇರುವ ವ್ಯವಹಾರ, ನೀನು ತಲೆ ಹಾಕಬೇಡ. ನನ್ನ ಸ್ಕೂಟರು, ಅದು ನಿನ್ನ ಲ್ಯಾಪ್‌ಟಾಪಿನ ಹೊಟ್ಟೆಗೆ ಹೋಯಿತು. ನಿಮ್ಮಮ್ಮನ ಒಂದು ವಾರದ ಮಾತು; “ಹುಡುಗಿ ಸ್ಟುಡಿಯೋ ನೋಡಿಕೊಂಡಿರಲಿ” ಎಂದು ನಾನಂದದ್ದಕ್ಕೆ “ಆ ಕತ್ತಲೆ ಕೋಣೇಲಿ ಒಬ್ಬರು ಮುದುಕರಾಗಿದ್ದು ಸಾಲದಾ?” ಎಂದು ಮುಚ್ಚಿದ ಬಾಯಿಯನ್ನು ನಿನ್ನ ಬಸ್ಸು ಹೊರಟ ಮೇಲೇ ಅವಳು ತೆರೆದದ್ದು. ಕೊನೆಯದಾಗಿ ಫೋನು. “ಫೋನಲ್ಲಿ ನೀವು ಮಾತಾಡ್ತೀರಿ, ನಾನು ಹ್ಞೂಂ ಅಂತೀನಿ. ಕಾಗದ ಬರೀರಿ ಅಪ್ಪ. ಕಾಗದದಲ್ಲಾದ್ರೆ ನನ್ನ ಮಾತು ಮುಗಿಯೋ ತನಕ ನೀವು ನಡುವೆ ಬಾಯಿ ಹಾಕೋಕಾಗಲ್ಲ” ಎಂದು ಕಿಟಕಿಯಿಂದ ಹೇಳಿದೆಯಲ್ಲ, ಅದನ್ನೂ ಖರ್ಚಿನ ಕಡೆಗೇ ಬರೆದುಕೊಂಡಿದ್ದೇನೆ. ಮಾತಿನಿಂದಲೇ ಅಂಗಡಿ ಕಟ್ಟಿದವನ ಬಾಯಿಗೆ ಬೀಗ ಹಾಕುವುದೆಂದರೆ ಸಣ್ಣ ಮೊತ್ತವಲ್ಲ.

ನೀನು ಏನೇ ಕಲಿ, ಈ ಕಸುಬಿನ ಒಂದು ಮಾತು ಬದಲಾಗುವುದಿಲ್ಲ. ಜನ ತಮ್ಮ ಮುಖಕ್ಕೆ ದುಡ್ಡು ಕೊಡುವುದಿಲ್ಲ. ಅದು ಮನೆಯ ಕನ್ನಡಿಯಲ್ಲಿ ಪುಕ್ಕಟೆ ಸಿಗುತ್ತದೆ. ಇರಬೇಕಾಗಿದ್ದ ಮುಖಕ್ಕೆ ಕೊಡುತ್ತಾರೆ. ಪ್ರಿಂಟು ತೊಳೆಯಲು ಸೇರಿದವನು ಸ್ಟುಡಿಯೋದ ಮಾಲೀಕನಾದದ್ದು ಈ ಒಂದು ಮಾತಿನಿಂದ. ನಾನು ಮಬ್ಬಣ್ಣ ಎಂದು ಹೆಸರಿಟ್ಟಿರುವ ಎದುರಂಗಡಿಯ ಫೋಟೋದವನನ್ನೇ ನೋಡು. ಬಂದವರನ್ನು ಬಂದ ಹಾಗೇ ತೆಗೆದು ಕೈಗಿಡುತ್ತಾನೆ, ಅದೂ ಅರ್ಧ ಮಬ್ಬಾಗಿ. ಅವನ ಬೋರ್ಡಿಗೆ ಇನ್ನೂ ಎರಡನೇ ಸಲ ಬಣ್ಣ ಬಿದ್ದಿಲ್ಲ.

ಮುಂದಿನ ಗಾಜು ಒರೆಸಿ, ಅದರಲ್ಲಿರುವ ನಿನ್ನ ಮೂರು ವರ್ಷದ ಫೋಟೋ ನೇರ ಮಾಡಿಟ್ಟೆ. ಇವತ್ತಿಗೂ ಜನ ಅದನ್ನು ನೋಡಿಯೇ ನಮ್ಮ ಮೆಟ್ಟಿಲು ಹತ್ತುತ್ತಾರೆ.

ಇಂತಿ, ಸದ್ಯಕ್ಕೆ ಬಾಯಿ ಮುಚ್ಚಿಕೊಂಡಿರುವ
ಅಪ್ಪ


ಆಗಸ್ಟ್ 19

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಒಬ್ಬಳೇ ನಗುತ್ತಿದ್ದೆ. ಪಕ್ಕದ ಮಂಚದವಳು “ಈ ಕಾಲದಲ್ಲೂ ಕಾಗದ ಬರೆಯೋನು ಯಾರೇ ಅವನು?” ಎಂದು ಕಣ್ಣು ಹೊಡೆದಳು. “ನಮ್ಮಪ್ಪ” ಅಂದರೆ ನಂಬಲಿಲ್ಲ.

ನಮ್ಮ ಲ್ಯಾಬಿಗೆ ಕಿಟಕಿಯೇ ಇಲ್ಲ. ನಿಮ್ಮ ಕತ್ತಲೆ ಕೋಣೆಯ ದೊಡ್ಡಮ್ಮನ ಮಗ ಅಂದುಕೊಳ್ಳಿ. ತಲೆಗೆ ಕಟ್ಟಿಕೊಳ್ಳುವ ದಪ್ಪ ಕನ್ನಡಕ ಒಂದಿದೆ, ಹಾಕಿಕೊಂಡರೆ ಇಲ್ಲದ ಮನೆಯೊಳಗೆ ಓಡಾಡಬಹುದು. ನಮ್ಮ ಕ್ಲಾಸಿನಲ್ಲಿ ಬೇಕರಿಯವರ ಮಗ ಒಬ್ಬನಿದ್ದಾನೆ. ಇಲ್ಲದ ಬಾಗಿಲು ದಾಟಲು ಹೋಗಿ ಇರುವ ಗೋಡೆಗೆ ಮೂಗು ಜಜ್ಜಿಕೊಂಡ. ಮೇಡಂ ಜಡೆಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿರುತ್ತಾರೆ. ಮೊದಲ ದಿನವೇ ಹೇಳಿದರು: “ಕಂಪ್ಯೂಟರ್ ನಿಮಗೆ ಸರಿ ಮಾಡೋಕೆ ಸಾವಿರ ದಾರಿ ಕೊಡುತ್ತೆ. ಒಂದು ತಿಂಗಳು ಏನನ್ನೂ ಸರಿ ಮಾಡಬೇಡಿ. ಬರೀ ನೋಡಿ.” ನಿಮ್ಮ ಅಂಗಡಿಯಲ್ಲಿ ಈ ಮೇಡಂ ಒಂದು ಬೆಳಿಗ್ಗೆಯೂ ಬಾಳುತ್ತಿರಲಿಲ್ಲ.

ಇನ್ನೊಂದು ಕೋಣೆಯಲ್ಲಿ ಸುತ್ತಲೂ ಗುಂಡಗೆ ಕ್ಯಾಮೆರಾ ನಿಲ್ಲಿಸಿದ್ದಾರೆ. ನಡುವೆ ಸ್ಟೂಲಿನ ಮೇಲೆ ಕೂತರೆ ಎಲ್ಲ ಕಡೆಯಿಂದ ಒಂದೇ ಸಲ ಫೋಟೋ. ಆಮೇಲೆ ನಮ್ಮ ತಲೆಯನ್ನು ಪರದೆಯ ಮೇಲೆ ಬುಗುರಿಯ ಹಾಗೆ ಸುತ್ತಿಸಬಹುದು. ನನ್ನ ಸರದಿ ಬಂದಾಗ ಅಭ್ಯಾಸದಂತೆ ಮುಖ ಒಂದು ಕಡೆಗೆ ತಿರುಗಿಸಿದೆ. ಅಲ್ಲಿ ತಿರುಗಿಕೊಳ್ಳುವುದಕ್ಕೆ ಕಡೆಯೇ ಇಲ್ಲ ಅಪ್ಪ.

ಅಮ್ಮನಿಗೆ ಹೇಳಿ, ಊಟ ಮಾಡುತ್ತಿದ್ದೇನೆ.

ನಿಮ್ಮ
ಪುಟ್ಟಿ


ನವೆಂಬರ್ 14

ಪುಟ್ಟಿ,

ಹೋದ ತಿಂಗಳ ಕಾಗದದಲ್ಲಿ ನೀನು ಕೇಳಿದ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ಡಿಸ್ಕಿನಲ್ಲಿ ಹಾಕಿ, ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ. ವರ್ಷವರ್ಷವೂ ನಿನ್ನನ್ನು ಅದೇ ಸ್ಟೂಲಿನ ಮೇಲೆ, ಅದೇ ಲೈಟಿನಲ್ಲಿ ಕೂರಿಸಿ ತೆಗೆದದ್ದು ಈಗ ಕೆಲಸಕ್ಕೆ ಬಂತು ನೋಡು.

ನಿನ್ನ ಪ್ರಾಜೆಕ್ಟನ್ನು ನಿಮ್ಮಮ್ಮನಿಗೆ ವಿವರಿಸಿದೆ. ಪರದೆಯ ಮೇಲೆ ನಿನ್ನ ಮುಖ ಇರುತ್ತದೆ. ನೋಡುವವನು ದೂರ ನಿಂತರೆ ನೀನು ಮಗು, ಹೆಜ್ಜೆ ಹೆಜ್ಜೆ ಹತ್ತಿರ ಬಂದಂತೆ ಬೆಳೆಯುತ್ತ ಬಂದು ಇವತ್ತಿನವಳಾಗುತ್ತೀ, ಹಿಂದೆ ಸರಿದರೆ ಮತ್ತೆ ಮಗು. ಅವಳು ಸೊಪ್ಪು ಬಿಡಿಸುತ್ತ “ಅದಕ್ಕೆ ಕಾಲೇಜು ಯಾಕೆ ಬೇಕಿತ್ತು? ನಾನು ಕಣ್ಣು ಮುಚ್ಚಿದ್ರೆ ಆಗುತ್ತೆ” ಅಂದಳು. ಅವಳಿಗೆ ತಂತ್ರಜ್ಞಾನ ತಿಳಿಯುವುದಿಲ್ಲ.

ಮೇಡಂಗೆ ಲೈಟಿಂಗ್ ಹೇಗನಿಸಿತು, ಮರೆಯದೆ ಕೇಳಿ ಬರೆ.

ಇಂತಿ
ಅಪ್ಪ


ಜನವರಿ 11

ಅಪ್ಪ,

ಇವತ್ತು ಮುಖ ಮೊದಲ ಸಲ ಬೆಳೆಯಿತು. ಬೇಕರಿಯವರ ಮಗ ದೂರದಿಂದ ಪರದೆಯತ್ತ ನಡೆದು ಬಂದ. ಮೂರು ವರ್ಷದವಳಿಗೆ ಐದಾಯಿತು, ಹಲ್ಲು ಬಿತ್ತು, ಹಲ್ಲು ಬಂತು, ಕತ್ತು ಉದ್ದವಾಯಿತು. ಕ್ಲಾಸಿನವರೆಲ್ಲ ಸುತ್ತ ಸೇರಿದ್ದರು. ಕೊನೆಯ ಹೆಜ್ಜೆಗೆ ನಿಮ್ಮ ಫೋಟೋಗಳು ಮುಗಿದು ಇಲ್ಲಿಯ ಕ್ಯಾಮೆರಾ ಹಿಡಿದ ಮುಖ ಶುರುವಾಗುತ್ತದೆ. ಅಲ್ಲಿಯತನಕ ಬಿಳುಪಾಗಿದ್ದ ಎಡಗೆನ್ನೆಗೆ, ಕಣ್ಣಿನ ಕೆಳಗಿಂದ ದವಡೆಯವರೆಗೆ, ಕಂದು ಮಚ್ಚೆ ಒಮ್ಮೆಲೇ ಬಂದು ಹತ್ತಿಕೊಂಡಿತು. ಯಾರೋ “ಅಯ್ಯೋ” ಅಂದರು.

ಮೇಡಂ ನನ್ನನ್ನು ಆಚೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು, “ಯಾವಾಗ ಆಯ್ತಮ್ಮ ಇದು? ಬೆಂಕಿನಾ?”

“ಹುಟ್ಟಿದಾಗಿಂದ ಇದೆ ಮೇಡಂ.”

“ಮತ್ತೆ ಫೋಟೋಗಳಲ್ಲಿ?”

“ನಮ್ಮಪ್ಪ ಫೋಟೋಗ್ರಾಫರ್” ಅಂದೆ.

ನನಗೆ ಗೊತ್ತಿರಲಿಲ್ಲ ಅಂತಲ್ಲ. ಫೋಟೋ ಅಂದರೆ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿರಲಿಲ್ಲ, ಅಷ್ಟೇ. ನೀವು ಟಚಿಂಗ್ ಮಾಡಿ ಮಚ್ಚೆ ಅಳಿಸದ ಒಂದೇ ಒಂದು ಫೋಟೋ ಇದ್ದರೂ ಕಳಿಸಿ. ನನ್ನ ಫೋನಿನಲ್ಲಿ ಹುಡುಕಿದೆ. ಅದರ ತುಂಬ ಬರೀ ಬಲಗೆನ್ನೆ. ಯಾರೂ ಹೇಳಿಕೊಡದೆ ನಾನೇ ಕಲಿತುಕೊಂಡಿದ್ದೆ. ಏಪ್ರಿಲ್‌ನಲ್ಲಿ ಪ್ರದರ್ಶನ. ಹೀಗೇ ಇಟ್ಟರೆ ನೋಡಿದವರೆಲ್ಲ ನಾನು ಸುಟ್ಟುಕೊಂಡ ಕಥೆ ಅಂದುಕೊಳ್ಳುತ್ತಾರೆ.

ಒಂದು ಪ್ರಶ್ನೆ. ಅಳಿಸುವಾಗ ನಿಮಗೆ ಏನನಿಸುತ್ತಿತ್ತು?

ಪುಟ್ಟಿ


ಜನವರಿ 16

ಪುಟ್ಟಿ,

ಕಾಗದ ಮುಟ್ಟಿತು. ಮೇಡಂಗೆ ಹೀಗೆ ಹೇಳು. ಈ ಪೇಟೆಯ ಅರ್ಧ ಜನರ ಮೊಡವೆ, ಗಾಯ, ಮೆಳ್ಳೆಗಣ್ಣು, ಎರಡನೇ ಗದ್ದ ಎಲ್ಲವನ್ನೂ ನಾನು ಸರಿ ಮಾಡಿದ್ದೇನೆ. ಒಬ್ಬರೂ ಬಂದು ಜಗಳವಾಡಿಲ್ಲ. ಇನ್ನೆರಡು ಕಾಪಿ ಕೊಡಿ ಅಂದಿದ್ದಾರೆ. ದುಡ್ಡು ಕೊಟ್ಟವರಿಗೆ ಅಷ್ಟು ಮಾಡಿದವನು ಸ್ವಂತ ಮಗಳಿಗೆ ಕಡಿಮೆ ಮಾಡಲೇ?

ಟಚಿಂಗ್ ಇಲ್ಲದ್ದು ಒಂದೂ ಇಲ್ಲ. ಹಳೆಯ ಫೋಟೋಗಳಿಗೆ ನೆಗೆಟಿವಿನ ಮೇಲೇ ಬ್ರಷ್ ಆಡಿಸಿದ್ದೇನೆ, ಆ ಬಣ್ಣ ಒಣಗಿದ ಮೇಲೆ ಬಿಡುವುದಿಲ್ಲ. ಕಂಪ್ಯೂಟರು ಬಂದ ಮೇಲಿನವನ್ನು ಸರಿ ಮಾಡಿ ಅದರ ಮೇಲೇ ಸೇವ್ ಮಾಡಿದೆ. ಕೆಟ್ಟದ್ದನ್ನೂ ಒಳ್ಳೆಯದನ್ನೂ ಎರಡನ್ನೂ ಇಟ್ಟುಕೊಂಡು ಯಾರು ಜಾಗ ದಂಡ ಮಾಡುತ್ತಾರೆ?

ಲೈಟಿಂಗ್ ಬಗ್ಗೆ ನೀನು ಏನೂ ಬರೆಯಲಿಲ್ಲ.

ಅಪ್ಪ


ಫೆಬ್ರವರಿ 24

ಪುಟ್ಟಿ,

ನಿನ್ನ ಕಾಗದವಿಲ್ಲ. ನಿನ್ನ ಶರತ್ತಿನ ಪ್ರಕಾರ ಫೋನು ಮಾಡಿಲ್ಲ. ನಿಮ್ಮಮ್ಮನ ಜೊತೆ ಮಾತಾಡುತ್ತೀಯ ಎಂದು ಗೊತ್ತು, ಅವಳು ಫೋನು ಹಿಡಿದು ಹಿತ್ತಲಿಗೆ ಹೋಗುತ್ತಾಳೆ. ಹೋದ ತಿಂಗಳು ನಾನು ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದೆ. “ಕೆಟ್ಟದ್ದು ಅಂತ ಬರೆದಿದ್ದೀರಾ? ಆ ಪದಾನೇ?” ಎಂದು ಕೇಳಿ ಎದ್ದು ಹೋದಳು. ಆಮೇಲೆ ಆ ಸಾಲನ್ನು ಮನಸ್ಸಿನಲ್ಲೇ ತಿರುಗಿ ಓದಿಕೊಂಡಾಗ ನನಗೂ ಚುಚ್ಚಿತು. ಆದರೆ ಅಷ್ಟರಲ್ಲಿ ಲಕೋಟೆ ಹೋಗಿಯಾಗಿತ್ತು.

ನಿನ್ನೆ ರಸ್ತೆ ದಾಟಿದೆ. ಎದುರಂಗಡಿಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು.

“ಬನ್ನಿ ಸಾರ್! ದಾರಿ ತಪ್ಪಿತಾ?” ಅಂದ ಮಬ್ಬಣ್ಣ.

“ಒಂದು ಫೋಟೋ ಬೇಕಿತ್ತು.”

“ಪಾಸ್‌ಪೋರ್ಟಾ, ಫುಲ್ ಸೈಜಾ? ಬಂದ ಹಾಗೇ ಬರ್ತೀರಿ, ಮೊದಲೇ ಹೇಳಿಬಿಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರದು.”

ನುಂಗಿಕೊಂಡೆ. ನನ್ನ ಕಾಲು ಮುರಿದ ವರ್ಷ ನಿನ್ನ ಸ್ಕೂಲಿನ ಗ್ರೂಪ್ ಫೋಟೋ ಇವನ ಪಾಲಾಗಿತ್ತಲ್ಲ, ಅದನ್ನು ಕೇಳಿದೆ.

“ನಿಮ್ಮ ಮಗಳಾ? ಕೆನ್ನೇಲಿ ಎಲೆ ಥರ ಮಚ್ಚೆ ಇರೋ ಮಗು ತಾನೇ? ಗೊತ್ತು ಬಿಡಿ. ಸ್ಕೂಲಿಂದ ಬರ್ತಾ ನಿಮ್ಮ ಗಾಜಿನ ಮುಂದೆ ಎಷ್ಟು ಹೊತ್ತು ನಿಂತಿರ್ತಿತ್ತು! ಒಳಗೆ ಯಾಕೆ ಹೋಗಲ್ಲ ಅಂತ ಇಲ್ಲಿಂದ ನೋಡ್ತಿದ್ದೆ.”

ಚಪ್ಪಲಿ ಡಬ್ಬಿಯೊಳಗಿಂದ ನೆಗೆಟಿವ್ ತೆಗೆದು ಬೆಳಕಿಗೆ ಹಿಡಿದ. ಅವನ ಜನ್ಮದಲ್ಲಿ ಮಬ್ಬಾಗದ ಒಂದು ಫೋಟೋ ಇದ್ದರೆ ಅದೇ. ಹಿಂದಿನ ಸಾಲಿನ ತುದಿಗೆ ನೀನಿದ್ದೀಯ. ಎಡಗೈಯನ್ನು ಕೆನ್ನೆಗೆ ಒತ್ತಿ ಹಿಡಿದಿದ್ದೀಯ.

“ಹಲ್ಲುನೋವು ಅಂತಿತ್ತು ಮಗು. ಕೈ ತೆಗಿಯಮ್ಮ ಅಂತ ಎಷ್ಟು ಹೇಳಿದ್ರೂ ತೆಗೀಲಿಲ್ಲ” ಅಂದ.

ಪ್ರಿಂಟು ಹಾಕಿ ಕೊಟ್ಟ, ದುಡ್ಡು ಮುಟ್ಟಲಿಲ್ಲ. ಇದರ ಜೊತೆ ಇಟ್ಟಿದ್ದೇನೆ. ಇದು ನಿನ್ನ ಕೆಲಸಕ್ಕೆ ಬರುವುದಿಲ್ಲ ಎಂದು ಗೊತ್ತು.

ಆ ವರ್ಷ ನಿನಗೆ ಹಲ್ಲುನೋವಿದ್ದದ್ದು ನನಗೆ ನೆನಪಿಲ್ಲ.

ಅಪ್ಪ


ಮಾರ್ಚ್ 3

ಅಪ್ಪ,

ಹಲ್ಲುನೋವಿರಲಿಲ್ಲ. ಫೋಟೋ ಅಂದರೆ ಮಚ್ಚೆ ಇರಬಾರದು ಎಂದು ಗೊತ್ತಿತ್ತು. ಆ ದಿನ ಅದನ್ನು ತೆಗೆಯುವುದಕ್ಕೆ ನೀವಿರಲಿಲ್ಲ. ಅದಕ್ಕೆ ನಾನೇ ಮುಚ್ಚಿದೆ.

ಗಾಜಿನ ಮುಂದೆ ಯಾಕೆ ನಿಲ್ಲುತ್ತಿದ್ದೆ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ನಡುವೆ ಬಾಯಿ ಹಾಕಲಾರಿರಿ. ತುಂಬ ದಿನ ನಾನು ಆ ಫೋಟೋದಲ್ಲಿರುವವಳನ್ನು ನಿಮ್ಮ ಇನ್ನೊಬ್ಬ ಮಗಳು ಅಂದುಕೊಂಡಿದ್ದೆ. ನನ್ನ ನೀಲಿ ಫ್ರಾಕೇ ಹಾಕಿಕೊಂಡಿದ್ದಳು, ಅದಕ್ಕೆ ಸಿಟ್ಟು ಬೇರೆ. ಬಂದವರಿಗೆಲ್ಲ ನೀವು ಅವಳನ್ನು ತೋರಿಸಿ “ನನ್ನ ಮಗಳು” ಅನ್ನುತ್ತಿದ್ದಿರಿ. ನಾನು ಒಳಗೆ ಬಂದರೆ “ಪುಟ್ಟೀ, ಗಿರಾಕಿ ಇದ್ದಾರೆ, ಮನೆಗೆ ಹೋಗು” ಅನ್ನುತ್ತಿದ್ದಿರಿ. ನಿಮಗೆ ಅದು ಅಂಗಡಿಯ ಶಿಸ್ತು ಇರಬಹುದು. ನನಗೆ, ಅವಳು ಅಂಗಡಿಯಲ್ಲಿರುವವಳು, ನಾನು ಮನೆಗೆ ಹೋಗಬೇಕಾದವಳು. ಕರವಸ್ತ್ರಕ್ಕೆ ಎಂಜಲು ಮಾಡಿ ಗಾಜಿನಲ್ಲಿ ನೋಡಿಕೊಂಡು ಕೆನ್ನೆ ತಿಕ್ಕುತ್ತಿದ್ದೆ. ಒಂದು ದಿನ ಅಮ್ಮ ನೋಡಿ ಎತ್ತಿಕೊಂಡು ಹೋದಳು. “ಅದು ನೀನೇ ಕಣೇ” ಅಂದಳು. ಅದು ಇನ್ನೂ ಕಷ್ಟವಾಯಿತು.

ಇದನ್ನು ಅಳುತ್ತ ಬರೆಯುತ್ತಿಲ್ಲ. ಈಗ ಕೆಲಸದ ಮಾತು. ಕಂಪ್ಯೂಟರಿನಲ್ಲಿ ಮಚ್ಚೆ ನಾನೇ ಹಾಕಬಹುದು. ಆದರೆ ಮೂರು ವರ್ಷದಲ್ಲಿ ಅದು ಎಷ್ಟಿತ್ತು, ಹತ್ತರಲ್ಲಿ ಎಲ್ಲಿಯವರೆಗೆ ಬಂದಿತ್ತು ಎಂದು ನನಗೆ ಗೊತ್ತಿಲ್ಲ. ಅದನ್ನು ಅಷ್ಟು ಹತ್ತಿರದಿಂದ, ಅಷ್ಟು ಸಲ ನೋಡಿದವರು ಒಬ್ಬರೇ. ಪ್ರಿಂಟುಗಳ ಮೇಲೆ ನಿಮ್ಮ ಬ್ರಷ್‌ನಿಂದ ಅದನ್ನು ವಾಪಸ್ ಹಾಕಿಕೊಡಿ.

ಪುಟ್ಟಿ


ಮಾರ್ಚ್ 20

ಪುಟ್ಟಿ,

ಪಾರ್ಸೆಲ್ ಹೊರಟಿತು. ಅಂಗಡಿಗೆ ಅರ್ಧ ಬಾಗಿಲು ಹಾಕಿ, ಭೂತಗನ್ನಡಿ ಕಟ್ಟಿಕೊಂಡು ಕೂತು ಮಾಡಿದ ಕೆಲಸ. ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಮೇಲಂಚು ಎಲ್ಲಿ ಒಳಕ್ಕೆ ಬಾಗುತ್ತದೆ, ನಡುವೆ ಎಲ್ಲಿ ಬಣ್ಣ ತಿಳಿಯಾಗುತ್ತದೆ, ಏಳರ ಹೊತ್ತಿಗೆ ದವಡೆಯ ಕಡೆ ಹೇಗೆ ಇಳಿಯಿತು, ಎಲ್ಲ ಕೈಗೇ ಗೊತ್ತಿತ್ತು. ಒಳ್ಳೆಯ ಕೆಲಸವಾಗಿದೆ ಎಂದು ನಾನೇ ಹೇಳಬಾರದು.

ನಿಮ್ಮಮ್ಮ ಬಂದು ಹಿಂದೆ ನಿಂತು ನೋಡಿದಳು. ಒಂದು ಪ್ರಿಂಟು ಎತ್ತಿ ಬೆಳಕಿಗೆ ಹಿಡಿದು, ವಾಪಸ್ ಇಟ್ಟು ಮನೆಗೆ ಹೋದಳು.

ಅಪ್ಪ


ಮಾರ್ಚ್ 29

ಅಪ್ಪ,

ಬಂತು. ಅಗಲ, ಉದ್ದ, ಬಾಗು ಎಲ್ಲ ಸರಿಯಿದೆ. ಕೊನೆಯ ಫೋಟೋವನ್ನು ನನ್ನ ಕೆನ್ನೆಯ ಪಕ್ಕ ಹಿಡಿದು ನೋಡಿದೆ, ಒಂದು ಕೂದಲೆಳೆಯೂ ಆಚೀಚೆ ಇಲ್ಲ.

ಆದರೆ ನನ್ನ ಮಚ್ಚೆಯ ಅಂಚು ಒರಟು. ದವಡೆಯ ಹತ್ತಿರ ಸಣ್ಣ ಸಣ್ಣ ಚುಕ್ಕೆ ಚೆಲ್ಲಿಕೊಂಡಿವೆ, ಎರಡು ಕೂದಲೂ ಇವೆ. ನಿಮ್ಮದು ಹೂವಿನ ಎಸಳಿನ ಹಾಗೆ ನುಣ್ಣಗಿದೆ.

ಇದನ್ನೂ ಚೆಂದ ಮಾಡಿಬಿಟ್ಟಿದ್ದೀರಿ ಅಪ್ಪ.

ತಿದ್ದಿ ಕಳಿಸಿ ಎಂದು ಕೇಳುವುದಿಲ್ಲ. ಹೀಗೇ ಇಡುತ್ತೇನೆ. ಪ್ರದರ್ಶನ ಏಪ್ರಿಲ್ 22ಕ್ಕೆ. ಅಮ್ಮನ ಜೊತೆ ಬನ್ನಿ.

ಪುಟ್ಟಿ


ಏಪ್ರಿಲ್ 26

ಪುಟ್ಟಿ,

ಊರು ಮುಟ್ಟಿದೆವು. ದಾರಿಯುದ್ದಕ್ಕೂ ನಿಮ್ಮಮ್ಮ ಕಿಟಕಿಯ ಕಡೆ ಕೂತಿದ್ದಳು. ನಾನೂ ಮಾತಾಡಲಿಲ್ಲ. ಅವಳಿಗೆ ಭಯವಾಗಿ ನನ್ನ ಹಣೆ ಮುಟ್ಟಿ ನೋಡಿದಳು.

ಆ ಹಾಲಿನಲ್ಲಿ ನನ್ನ ಸರದಿ ಬಂದಾಗ ನೀನು ಕಂಬದ ಹತ್ತಿರ ನಿಂತು ನೋಡುತ್ತಿದ್ದೆ. ನಾನು ಪರದೆಯಿಂದ ದೂರ, ನೆಲದ ಮೇಲೆ ಹಾಕಿದ್ದ ಗೆರೆಯ ಹಿಂದೆ ನಿಂತೆ. ನೀಲಿ ಫ್ರಾಕಿನವಳು ಕಂಡಳು. ಒಂದೊಂದೇ ಹೆಜ್ಜೆ ಇಟ್ಟೆ. ನನ್ನ ಬ್ರಷ್ಷಿನ ಎಸಳು ನಿನ್ನ ಜೊತೆ ಬೆಳೆಯುತ್ತ ಬಂತು. ಹಿಂದೆ ಯಾರೋ “ಎಷ್ಟು ಮುದ್ದಾಗಿದೆ” ಅಂದರು. ನನಗೆ ನಾಚಿಕೆಯಾಯಿತು, ಯಾಕೆಂದರೆ ಒಂದು ಕ್ಷಣ ಖುಷಿಯೂ ಆಗಿತ್ತು. ಕೊನೆಯ ಹೆಜ್ಜೆಗೆ ನಿನ್ನ ಮುಖ ಬಂತು. ಒರಟು ಅಂಚು, ಚುಕ್ಕೆ, ಎರಡು ಕೂದಲು. ಅಷ್ಟು ದೊಡ್ಡದಾಗಿ ನನ್ನ ಮಗಳನ್ನು ನಾನು ನೋಡಿಯೇ ಇರಲಿಲ್ಲ. ಅದರ ಮುಂದೆ ನಿಲ್ಲಲಾಗದೆ ಹಿಂದೆ ಸರಿದೆ. ಸರಿಯುತ್ತ ಹೋದಂತೆ ನೀನು ಚಿಕ್ಕವಳಾಗುತ್ತ, ನುಣುಪಾಗುತ್ತ ಹೋದೆ. ಆಮೇಲೆ ಗೋಡೆಯ ಮೇಲಿನ ಚೀಟಿ ಓದಿದೆ: “ಕೊನೆಯದನ್ನು ಬಿಟ್ಟು ಉಳಿದ ಮುಖಗಳ ಮಚ್ಚೆ, ಅಪ್ಪನ ಕೈಯಿಂದ.”

ನೀನು ಹತ್ತಿರ ಬಂದು ನಿಂತಾಗ ನನ್ನ ಬಾಯಿಂದ ಬಂದದ್ದು “ಲೈಟಿಂಗ್ ಚೆನ್ನಾಗಿದೆ” ಎಂಬ ಮಾತು. ಇಡೀ ಜನ್ಮ ಮಾತಾಡಿ ಬದುಕಿದವನಿಗೆ ಅಲ್ಲಿ ಸಿಕ್ಕಿದ್ದು ಅದೊಂದೇ. ನೀನು “ಹ್ಞೂಂ” ಅಂದೆ. ಫೋನಿನಲ್ಲಿ ಅನ್ನುತ್ತಿದ್ದ ಹಾಗೇ.

ಅಳಿಸುವಾಗ ಏನನಿಸುತ್ತಿತ್ತು ಎಂದು ನೀನು ಕೇಳಿದ್ದೆ. ಉತ್ತರ ಗೊತ್ತಿಲ್ಲದೆ ತಡ ಮಾಡಿದ್ದಲ್ಲ. ಮೊದಲ ಸಲ, ಗಾಜಿನಲ್ಲಿಡಲು ನಿನ್ನ ಫೋಟೋ ಮಾಡುವಾಗ, ಕೈ ನಿಂತಿತ್ತು. ಸ್ಯಾಂಪಲ್ ಫೋಟೋ, ಸ್ಯಾಂಪಲ್ಲಿನ ಹಾಗಿರಬೇಕು ಎಂದು ಹೇಳಿಕೊಂಡು ಮುಂದುವರಿಸಿದೆ. ಎರಡನೇ ಸಲದಿಂದ ಏನೂ ಅನಿಸಲಿಲ್ಲ. ಪುಟ್ಟಿ, ಏನೂ ಅನಿಸುತ್ತಿರಲಿಲ್ಲ. ಅದು ಕೆಲಸವಾಗಿತ್ತು. ಇದಕ್ಕೆ ಏನಾದರೂ ಟಚಿಂಗ್ ಮಾಡಿ ಬರೆಯೋಣ ಎಂದು ಜನವರಿಯಿಂದ ನೋಡಿದೆ, ಆಗಲಿಲ್ಲ.

ನಿನ್ನ ಓದು ಮುಗಿದಂತಾಯಿತು. ಖರ್ಚು ಮೊದಲೇ ಬರೆದಿದ್ದೆ, ಈಗ ಯಾರಿಗೆ ಏನು ಬಂತು ಎಂಬುದು.

ಮೇಡಂಗೆ, ಹೊಸಬರಿಗೆ ತೋರಿಸಲು ಒಂದು ಪಾಠ. ಬೇಕರಿಯವರ ಮಗನಿಗೆ, ನಿಮ್ಮಮ್ಮ ಬಲವಂತದಿಂದ ತಿನ್ನಿಸಿದ ಊಟ. ಅವನು ನಿನಗೆ ಯಾರು ಎಂದು ನಾನು ಕೇಳಿಲ್ಲ, ಕೇಳಿಲ್ಲ ಎಂಬುದನ್ನು ಗಮನಿಸು. ಮಬ್ಬಣ್ಣನಿಗೆ, ರಸ್ತೆಯ ಆಚೆಯಿಂದ ನಮಸ್ಕಾರ ಹೇಳುವ ಒಬ್ಬ. ಅವನಿಗೆ ಒಂದು ಸ್ವಂತ ಹೆಸರಿದೆ, ಮೊನ್ನೆ ಕೇಳಿ ತಿಳಿದುಕೊಂಡೆ. ನಿಮ್ಮಮ್ಮನಿಗೆ, ಕತ್ತಲೆ ಕೋಣೆಯ ಬಗ್ಗೆ ತಾನು ಹೇಳಿದ್ದೇ ಸರಿ ಎಂಬುದು. ಅವಳು ಅದನ್ನು ಎತ್ತಿ ಆಡುತ್ತಿಲ್ಲ, ಅದು ನನಗೆ ಬಿದ್ದ ದಂಡ. ನಿನಗೆ, ಮೊದಲ ದರ್ಜೆ, ಆ ಊರಿನಲ್ಲೇ ಕೆಲಸ, ತಿರುಗಿಸದೆ ನಿಲ್ಲಬಹುದಾದ ಒಂದು ಮುಖ.

ಗಾಜಿನ ಹಿಂದಿನ ಹುಡುಗಿಗೆ ಏನೂ ಬರಲಿಲ್ಲ. ಅವಳನ್ನು ಇಳಿಸಿ ಕಾಗದ ಸುತ್ತಿ ಬೀರುವಿನಲ್ಲಿಟ್ಟೆ. ಅವಳ ತಪ್ಪೇನೂ ಇರಲಿಲ್ಲ.

ನನಗೆ ಬಂದದ್ದು ಹೊರಡುವಾಗ ಬಸ್ ಸ್ಟ್ಯಾಂಡಿನಲ್ಲಿ ನೀನಾಡಿದ ಎರಡು ಪದ. ಬ್ಯಾಗಿನಿಂದ ಕ್ಯಾಮೆರಾ ತೆಗೆದು “ಒಂದು ಫೋಟೋ ತೆಗೀಲಾ? ಹಾಗೇ, ಇದ್ದ ಹಾಗೇ” ಎಂದು ಕೇಳಿದ್ದಕ್ಕೆ ನೀನು ನನ್ನ ಕೈ ನೋಡಿ “ಈಗ ಬೇಡ” ಅಂದೆ. ಹಾಗೆಂದು ಮೆಟ್ಟಿಲಿಳಿದು ಹೋದ ಗಿರಾಕಿಗಳಲ್ಲಿ ವಾಪಸ್ ಬಂದವರೂ ಇದ್ದಾರೆ, ಬರದವರೂ ಇದ್ದಾರೆ. ಅದನ್ನು ಯಾವ ಕಡೆಗೂ ಬರೆಯದೆ ಹಾಗೇ ಇಟ್ಟುಕೊಂಡಿದ್ದೇನೆ.

ಗಾಜು ದಿನಾ ಒರೆಸುತ್ತೇನೆ. ಸದ್ಯ ಅದರಲ್ಲಿ ಏನೂ ಇಲ್ಲ.

ನಿನ್ನ
ಅಪ್ಪ